38 ವರ್ಷದ ಮಳೆ ವಹಿ ಇದೆ. ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಇದು ಏನಾದರೂ ಹೇಳತ್ತಾ?

ಕಾನಮನೆ (ಶಿರಸಿ):

ಶಿರಸಿ ತಾಲೂಕಿನ ಅಡಿಕೆ ತೋಟದ ಮನೆಯೊಂದರ ಮಳೆ ಲೆಕ್ಕದ ವಹಿ ಕೈಲಿದೆ. 1987ರಿಂದ 2024ರವರೆಗೆ 38 ಮಳೆಗಾಲ. ದಿನಕ್ಕೊಂದು ಸಾಲು. ಮೊದಲಿನ ವರ್ಷಗಳದ್ದು ಇಂಚು-ಸೆಂಟ್ಸ್, 2004ರಿಂದ ಈಚೆಗೆ ಮಿ.ಮೀ. ಎಲ್ಲವನ್ನೂ ಸ್ಪ್ರೆಡ್‌ಶೀಟಿಗೆ ಹತ್ತಿಸುವ ಕೆಲಸ ನಡೀತಾ ಇದೆ.

ಊರಲ್ಲಿ ವಾದ ಎರಡೂ ಕಡೆಯಿಂದ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿ, ಮೃಗಶಿರಕ್ಕೆ ಹಿಡಿಯಬೇಕಾದ ಮಳೆ ರೋಹಿಣಿಯಲ್ಲೇ ಹಿಡಿದಾಗ "ಇದೇ ಗ್ಲೋಬಲ್ ವಾರ್ಮಿಂಗ್" ಅಂತ ಒಂದು ಗುಂಪು. ಜನವರಿಯಲ್ಲಿ ನಾಲ್ಕು ದಿನ ಎರಡು ಕಂಬಳಿ ಹೊದೆಯೋ ಚಳಿ ಬಿದ್ದರೆ "ಎಲ್ಲೋಯ್ತು ನಿಮ್ಮ ಬಿಸಿ" ಅಂತ ಇನ್ನೊಂದು ಗುಂಪು. ಕಾರವಾರದ ನೆಂಟರು ಫೋನ್ ಮಾಡಿದರೆ ಫೆಬ್ರವರಿಯಲ್ಲೇ 38 ಡಿಗ್ರಿ ಅನ್ನೋ ವರದಿ.

ಕೇಳಬೇಕಾದ್ದು ಇಷ್ಟು: ಈ ವಹಿಯಿಂದ ಏನಾದರೂ ಗಟ್ಟಿಯಾಗಿ ಹೇಳಬಹುದಾ? ಹೇಳಬಹುದಾದರೆ ಲೆಕ್ಕ ಹೇಗೆ? ಇಲ್ಲ ಅಂದರೆ ನಮ್ಮೂರಿನ ಹವೆ ಯಾವ ಮಟ್ಟಿಗೆ ಸಾಕ್ಷಿ?


ಅಳತೆಗೋಲು (ಕುಮಟಾ):

ಲೆಕ್ಕಕ್ಕೆ ಕೈ ಹಾಕೋ ಮೊದಲು ವಹಿ ತೊಳೀಬೇಕು ಮಾರಾಯ್ರೆ. ಮನೆ ವಹಿಯಲ್ಲಿ ಕಾಣೋ "ಬದಲಾವಣೆ"ಯಲ್ಲಿ ದೊಡ್ಡ ಪಾಲು ಆಕಾಶದ್ದಲ್ಲ, ಅಂಗಳದ್ದು.

ಮೊದಲಿಗೆ ಮಾಪಕ ಇಟ್ಟ ಜಾಗ. ಸುತ್ತಲಿನ ಮರ, ಮನೆ ಎಷ್ಟು ಎತ್ತರವೋ ಅದರ ಕನಿಷ್ಠ ಎರಡು ಪಟ್ಟು ದೂರ ಮಾಪಕ ಇರಬೇಕು. 1987ರಲ್ಲಿ ಆಳೆತ್ತರ ಇದ್ದ ಅಡಿಕೆ ಸಸಿ ಈಗ 15 ಮೀಟರ್ ಮರ. ಅಂದರೆ 30 ಮೀಟರ್ ದೂರ ಬೇಕು. ಘಟ್ಟದ ಮೇಲಿನ ಎಷ್ಟು ಮನೆಯ ಅಂಗಳ ಅಷ್ಟಿದೆ? ಗಾಳಿಮಳೆ ಓರೆಯಾಗಿ ಬರುವಾಗ ಅಡಿಕೆ ಮರದ ಹೆಡೆ (ಸೋಗೆ) ಅಡ್ಡ ಬಂದು ಮಾಪಕಕ್ಕೆ ಬೀಳೋದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಹೋಗತ್ತೆ. ವಹಿಯಲ್ಲಿ ಅದು "ಮಳೆ ಕಮ್ಮಿ ಆಗ್ತಾ ಬಂತು" ಅಂತ ಕಾಣತ್ತೆ. ಮಾಪಕವನ್ನು ಟೆರೇಸಿಗೆ ಏರಿಸಿದ್ದರೆ ಇನ್ನೊಂದು ತಾಪತ್ರಯ: ಎತ್ತರದಲ್ಲಿ ಗಾಳಿ ಜೋರು, ಹನಿ ಬಾಯಿಯ ಮೇಲಿಂದ ಹಾರಿಹೋಗತ್ತೆ. ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಇರಬೇಕು, ಸಮತಟ್ಟಾಗಿ.

ಎರಡನೇದು ಅಳತೆ ಗ್ಲಾಸು. ನೀವು ಇಂಚಿನಿಂದ ಮಿ.ಮೀ.ಗೆ ಬಂದಿದ್ದೀರಿ ಅಂದರೆ ಗ್ಲಾಸು ಬದಲಾಗಿದೆ. ಆಲಿಕೆಯೂ ಜೊತೆಗೇ ಬದಲಾಯಿತಾ? ಇದನ್ನು ಪತ್ತೆ ಮಾಡದೆ ಮುಂದೆ ಹೋಗಬೇಡಿ. ಹಳೇ ಸೈಮನ್ಸ್ ಮಾಪಕದ ಬಾಯಿ 5 ಇಂಚು, ಅಂದರೆ ಸುಮಾರು 127 ಚದರ ಸೆಂ.ಮೀ. ಅದರಲ್ಲಿ 1 ಮಿ.ಮೀ. ಮಳೆಗೆ 12.7 ಮಿ.ಲೀ. ನೀರು. ಈಗಿನ ಫೈಬರ್ ಮಾಪಕಗಳದ್ದು 100 ಅಥವಾ 200 ಚದರ ಸೆಂ.ಮೀ., ಗ್ಲಾಸೂ ಅದಕ್ಕೆ ತಕ್ಕಂತೆ. ಹಳೇ ಆಲಿಕೆಗೆ 100ರ ಗ್ಲಾಸು ಹಿಡಿದರೆ ಪ್ರತಿ ದಿನದ ಮಳೆ ಶೇ 27 ಹೆಚ್ಚು ಕಾಣತ್ತೆ. 200ರ ಗ್ಲಾಸು ಹಿಡಿದರೆ ಶೇ 37 ಕಡಿಮೆ. ಪರೀಕ್ಷೆ ಸುಲಭ: ಆಲಿಕೆಯ ಒಳ ವ್ಯಾಸ ಅಳೆದು ಬಾಯಿಯ ವಿಸ್ತೀರ್ಣ ತೆಗೀರಿ, ಔಷಧಿ ಅಂಗಡಿಯ ಸಿರಿಂಜಿನಲ್ಲಿ ಲೆಕ್ಕ ಹಾಕಿದ ನೀರು ಗ್ಲಾಸಿಗೆ ಬಿಡಿ, ಗೆರೆ ಹೊಂದತ್ತಾ ನೋಡಿ. ಇಂಚಿನ ಲೆಕ್ಕ ಬದಲಿಸುವಾಗ 1 ಇಂಚು 25.4 ಮಿ.ಮೀ., 1 ಸೆಂಟ್ 0.254.

ಮೂರನೇದು ತುಂಬಿ ಹೊರಚೆಲ್ಲಿದ ದಿನಗಳು. 200 ಚದರ ಸೆಂ.ಮೀ. ಬಾಯಿಗೆ 200 ಮಿ.ಮೀ. ಮಳೆ ಅಂದರೆ 4 ಲೀಟರ್ ನೀರು. ಒಳಗಿನ ಬಾಟಲಿ 2 ಲೀಟರಿನದ್ದಾದರೆ ಆ ದಿನ ವಹಿಯಲ್ಲಿ 100 ಅಂತಲೇ ಇರತ್ತೆ. ಜುಲೈನಲ್ಲಿ ಒಂದೇ ಅಂಕಿ ಮತ್ತೆ ಮತ್ತೆ ಬರುತ್ತಿದ್ದರೆ ಅನುಮಾನಪಡಿ.

ನಾಲ್ಕನೇದು ಒಟ್ಟುಗೂಡಿದ ಓದು. ಮದುವೆಗೋ ಕೊನೆಕೊಯ್ಲಿಗೋ ಅಂತ ಮೂರು ದಿನ ನೋಡದೆ ನಾಲ್ಕನೇ ದಿನ "210" ಅಂತ ಬರೆದರೆ ಅದು ಅತಿ ಭಾರಿ ಮಳೆಯ ದಿನ ಅಲ್ಲ. ಹಿಂದಿನ ದಿನಗಳು ಸೊನ್ನೆಯೋ ಖಾಲಿಯೋ ನೋಡಿ, ಬೇರೆ ಕಾಲಮ್ಮಿನಲ್ಲಿ ಗುರುತು ಹಾಕಿ. ತಿಂಗಳ ಮೊತ್ತಕ್ಕೆ ಅದನ್ನು ಸೇರಿಸಬಹುದು, ಭಾರಿ ಮಳೆ ದಿನಗಳ ಎಣಿಕೆಗೆ ಸೇರಿಸಬಾರದು.

ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಓದಿ ಆ ದಿನದ ತಾರೀಕಿಗೆ ಬರೆಯತ್ತೆ. ಅಂದರೆ 16ನೇ ತಾರೀಕಿನ ಅಂಕಿಯಲ್ಲಿ ಬಹುಪಾಲು 15ರ ಮಳೆ. ಮನೆಯಲ್ಲಿ ಸಂಜೆ ಓದುವ ರೂಢಿ ಇದ್ದರೆ ತಾರೀಕು ಹಿಡಿದು ಹೋಲಿಸಲು ಹೋಗಬೇಡಿ, ತಿಂಗಳ ಮೊತ್ತ ಹೋಲಿಸಿ.

ಇಷ್ಟಾದ ಮೇಲೆ ನೆರೆಮಾಪಕಗಳ ಜೊತೆ ತಾಳೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸರ್ಕಾರಿ ಮಾಪಕಗಳ ವರ್ಷದ ಮೊತ್ತ ತೆಗೆದು ಸರಾಸರಿ ಮಾಡಿ, 1987ರಿಂದ ಒಂದರ ಮೇಲೊಂದು ಕೂಡಿಸುತ್ತಾ ಹೋಗಿ. ನಿಮ್ಮದನ್ನೂ ಹಾಗೇ ಕೂಡಿಸಿ. ಅವುಗಳದ್ದನ್ನು ಅಡ್ಡಕ್ಕೆ, ನಿಮ್ಮದನ್ನು ಲಂಬಕ್ಕೆ ಇಟ್ಟು ಚಿತ್ರ ಬಿಡಿಸಿದರೆ ನೇರ ಗೆರೆ ಬರಬೇಕು. ಎಲ್ಲಿ ಗೆರೆ ಮುರಿಯಿತೋ ಆ ವರ್ಷ ನಿಮ್ಮ ಮಾಪಕಕ್ಕೆ ಏನೋ ಆಗಿದೆ. ಕುಮಟಾ, ಅಂಕೋಲಾದ್ದನ್ನು ಇದಕ್ಕೆ ಹಚ್ಚಬೇಡಿ. ಘಟ್ಟದ ಕೆಳಗೆ ಮೂರು ಸಾವಿರ ಮಿ.ಮೀ. ಆಸುಪಾಸು ಬೀಳೋ ಜಿಲ್ಲೆಯಲ್ಲೇ ಹಳಿಯಾಳ, ಮುಂಡಗೋಡದಲ್ಲಿ ಅದರ ಅರ್ಧವೂ ಇಲ್ಲ.


ಲೆಕ್ಕದಹಾಳೆ:

ವಹಿ ಶುದ್ಧ ಆಯಿತು ಅಂತಲೇ ಇಟ್ಟುಕೊಳ್ಳೋಣ. ಆದರೂ ವರ್ಷದ ಒಟ್ಟು ಮಳೆ ಈ ಕೇಸಿಗೆ ಬಹಳ ದುರ್ಬಲ ಸಾಕ್ಷಿ. ಯಾಕೆ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ.

ಸರಾಸರಿ 2500 ಮಿ.ಮೀ., ವರ್ಷದಿಂದ ವರ್ಷಕ್ಕೆ ಏರುಪೇರು (ಸ್ಟ್ಯಾಂಡರ್ಡ್ ಡೀವಿಯೇಶನ್) 450 ಅಂತ ಉದಾಹರಣೆಗೆ ಹಿಡಿಯೋಣ. ನಿಮ್ಮ ವಹಿಯಿಂದ ಬರೋ ನಿಜವಾದ ಅಂಕಿ ನೀವು ಹಾಕಿಕೊಳ್ಳಿ. ಇಷ್ಟು ವರ್ಷದಲ್ಲಿ ಒಟ್ಟು ಎಷ್ಟು ಬದಲಾದರೆ "ಇದು ಬರೀ ಏರುಪೇರಲ್ಲ" ಅನ್ನಬಹುದು ಅನ್ನೋದಕ್ಕೆ ಅಂದಾಜು ಗೆರೆ: 2 × ಏರುಪೇರು × (12 ÷ ವರ್ಷಗಳ ಸಂಖ್ಯೆ)ಯ ವರ್ಗಮೂಲ. 38 ವರ್ಷಕ್ಕೆ ಅದು 2 × 450 × 0.56, ಸುಮಾರು 500 ಮಿ.ಮೀ. ಅಂದರೆ ಮಳೆ ಐದನೇ ಒಂದು ಪಾಲು ಏರಬೇಕು ಅಥವಾ ಇಳಿಯಬೇಕು, ಆಗ ಮಾತ್ರ ಲೆಕ್ಕಕ್ಕೆ ಸಿಗತ್ತೆ. ನೂರು ವರ್ಷದ ವಹಿ ಇದ್ದರೂ ಗೆರೆ 310ಕ್ಕೆ ಇಳಿಯತ್ತೆ, ಅಷ್ಟೇ.

ಗಾಳಿ 1 ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ತೇವಾಂಶ ಸುಮಾರು ಶೇ 7 ಹೆಚ್ಚತ್ತೆ. ಭಾರತದ ಸರಾಸರಿ ಉಷ್ಣಾಂಶ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ. ಎರಡನ್ನೂ ನೇರ ಗುಣಿಸಿದರೂ ಶೇ 5, ನಿಮ್ಮ ಲೆಕ್ಕದಲ್ಲಿ 125 ಮಿ.ಮೀ. ಅದು 500ರ ಗೆರೆಯ ಕಾಲು ಭಾಗ. ಅದೂ ಒಟ್ಟು ಮಳೆ ತೇವಾಂಶವನ್ನು ಮಾತ್ರ ನಂಬಿಕೊಂಡಿಲ್ಲ, ಗಾಳಿ ಎಷ್ಟು ಜೋರಾಗಿ ಘಟ್ಟಕ್ಕೆ ಬಡಿಯತ್ತೆ ಅನ್ನೋದರ ಮೇಲೂ ನಿಂತಿದೆ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ 1951–2015ರಲ್ಲಿ ದೇಶದ ಮುಂಗಾರು ಮಳೆ ಸುಮಾರು ಶೇ 6 ಕಡಿಮೆಯಾಗಿದೆ, ಗಂಗಾ ಬಯಲಿನ ಜೊತೆ ಪಶ್ಚಿಮ ಘಟ್ಟದಲ್ಲೂ ಇಳಿಕೆ ಎದ್ದು ಕಾಣತ್ತೆ ಅಂತ ಹೇಳತ್ತೆ. ಬಿಸಿ ಏರಿದರೂ ಮಳೆ ಇಳಿದದ್ದಕ್ಕೆ ಹೊಗೆ-ದೂಳಿನ ಕಣಗಳು ಬಿಸಿಲು ತಡೆದದ್ದು ಒಂದು ಮುಖ್ಯ ಕಾರಣ ಅನ್ನೋದು ಅದರ ವಿವರಣೆ. ಹಾಗಾಗಿ ನಿಮ್ಮ ವಹಿಯಲ್ಲಿ ಮಳೆ ಇಳಿದಿದ್ದರೂ ಏರಿದ್ದರೂ, ಬರೀ ಅದನ್ನು ಹಿಡಿದು ಯಾವ ಕಡೆಗೂ ತೀರ್ಪು ಕೊಡೋಕೆ ಬರಲ್ಲ.

ಮುಂಗಾರು ತಾರೀಕು ಇನ್ನೂ ಕಳಪೆ ಸಾಕ್ಷಿ. ಕೇರಳಕ್ಕೆ ಜೂನ್ 1 ವಾಡಿಕೆ, ಸುಮಾರು ಒಂದು ವಾರದ ಹಿಂದುಮುಂದು ಮಾಮೂಲು. 2023ರಲ್ಲಿ ಜೂನ್ 8, 2024ರಲ್ಲಿ ಮೇ 30, 2025ರಲ್ಲಿ ಮೇ 24. 2009ರಲ್ಲಿ ಮೇ 23ಕ್ಕೇ ಬಂದು ಆ ಮಳೆಗಾಲ ದೇಶದಲ್ಲಿ ಶೇ 22 ಕೊರತೆಯಾಗಿ ಬರ ಬಿತ್ತು. ಬೇಗ ಬಂದದ್ದಕ್ಕೂ ಚೆನ್ನಾಗಿ ಬರೋದಕ್ಕೂ ನೆಂಟಸ್ತನವೇ ಇಲ್ಲ. ಮಳೆನಕ್ಷತ್ರದ ತಾರೀಕು ಋತುವಿಗಿಂತ ಜಾರುತ್ತಾ ಹೋಗೋದು ನಿಜ, ಆದರೆ ಸುಮಾರು 71 ವರ್ಷಕ್ಕೆ ಒಂದು ದಿನ ಮಾತ್ರ. ರೋಹಿಣಿ-ಮೃಗಶಿರದ ಗಲಾಟೆಗೆ ಅದೂ ಕಾರಣ ಅಲ್ಲ.

ಉಷ್ಣಾಂಶ ಮಾತ್ರ ಬೇರೆ ಕತೆ. ನಮ್ಮ ಕಡೆ ವರ್ಷದ ಸರಾಸರಿ ಉಷ್ಣಾಂಶದ ಏರುಪೇರು ಬಹಳ ಸಣ್ಣದು. 0.3 ಡಿಗ್ರಿ ಅಂತ ಹಿಡಿದರೆ 38 ವರ್ಷಕ್ಕೆ ಅದೇ ಗೆರೆ 0.34 ಡಿಗ್ರಿ. 1986ರಿಂದ 2015ರವರೆಗೆ ದೇಶದ ಸರಾಸರಿ ದಶಕಕ್ಕೆ 0.15 ಡಿಗ್ರಿಯಂತೆ ಏರಿದೆ. ಅದೇ ಗತಿ ಇಲ್ಲೂ ಇದ್ದರೆ 38 ವರ್ಷಕ್ಕೆ 0.57. ಗೆರೆ ದಾಟಿತು! ಯುರೋಪಿನ ಊರುಗಳಲ್ಲಿ ಬಿಸಿ ಹೆಚ್ಚು ಏರಿದ್ದರೂ ಏರುಪೇರೂ ದೊಡ್ಡದು. ನಮ್ಮಂಥ ಉಷ್ಣವಲಯದಲ್ಲಿ ಏರಿದ್ದು ಕಡಿಮೆಯಾದರೂ ಗದ್ದಲ ಕಡಿಮೆ, ಹಾಗಾಗಿ ದನಿ ಬೇಗ ಕೇಳತ್ತೆ.

ಜನವರಿ ಚಳಿಯ ವಾದಕ್ಕೂ ಇದೇ ಲೆಕ್ಕ ಸಾಕು. ದಿನದಿಂದ ದಿನಕ್ಕೆ ಏರುಪೇರು 2 ಡಿಗ್ರಿ, ಸರಾಸರಿ 0.7 ಮೇಲೆ ಸರಿದಿದೆ ಅಂತ ಇಟ್ಟುಕೊಂಡರೆ, ಹಿಂದೆ 90 ದಿನದಲ್ಲಿ ಎರಡು ದಿನ ಬೀಳುತ್ತಿದ್ದ ಗಡಗಡ ಚಳಿ ಈಗ ಒಂದು ದಿನಕ್ಕೂ ಕಡಿಮೆ. ಎರಡು ದಿನ ಇದ್ದ ಅಸಹಜ ಬಿಸಿ ನಾಲ್ಕು ದಿನಕ್ಕೂ ಮೇಲೆ. ಚಳಿ ಪೂರ್ತಿ ಮಾಯವಾಗಬೇಕು ಅಂತ ಯಾರೂ ಹೇಳಿಲ್ಲ.


ಕಾಳಿ_ಅಳಿವೆ (ಕಾರವಾರ):

ಕಾರವಾರದ ಫೆಬ್ರವರಿ ಬಿಸಿಗೆ ಬರ್ತೇನೆ. ಇದರಲ್ಲಿ ಗಾಳಿಯ ದಿಕ್ಕು ಆಡೋ ಆಟ ದೊಡ್ಡದು.

ಮಾಮೂಲಿ ದಿನ ಬೆಳಿಗ್ಗೆ ನೆಲದ ಗಾಳಿ ಇರತ್ತೆ, ಹೊತ್ತೇರಿದ ಮೇಲೆ ಕಡಲ ಗಾಳಿ ತಿರುಗಿ ಉಷ್ಣಾಂಶ 32–33ಕ್ಕೆ ಕಟ್ಟಿಹಾಕತ್ತೆ. ಪೂರ್ವದ ಗಾಳಿ ಬಲವಾಗಿದ್ದ ದಿನ ಕಡಲ ಗಾಳಿ ಒಳಗೆ ಬರೋದೇ ಮಧ್ಯಾಹ್ನ ಕಳೆದ ಮೇಲೆ. ಅಷ್ಟರಲ್ಲಿ ಘಟ್ಟದ ಮೇಲಿನ ಒಣ ಗಾಳಿ ಇಳಿದು ಬಂದಿರತ್ತೆ. ಇಳಿಯುವ ಒಣ ಗಾಳಿ ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ ಬಿಸಿಯಾಗತ್ತೆ. ಶಿರಸಿ ಇರೋದು ಸುಮಾರು 600 ಮೀಟರ್ ಎತ್ತರದಲ್ಲಿ. ಅಲ್ಲಿ 32 ಇದ್ದ ಗಾಳಿ ಸಮುದ್ರಮಟ್ಟಕ್ಕೆ ಬರುವಾಗ 38. ಲೆಕ್ಕ ಮುಗೀತು, ಇದಕ್ಕೆ ಇಂಗಾಲದ ಡೈಆಕ್ಸೈಡ್ ಕರೆಯಬೇಕಾಗಿಲ್ಲ.

ಪತ್ತೆ ಮಾಡೋದು ಹೇಗೆ? ಆ ದಿನದ ತೇವಾಂಶ ನೋಡಿ. ಕಡಲ ಗಾಳಿ ಇದ್ದರೆ ಬೆವರು ಒರೆಸಿ ಮುಗಿಯಲ್ಲ. 38 ಆದ ದಿನ ಮಧ್ಯಾಹ್ನ ತುಟಿ ಒಣಗತ್ತೆ, ಒಗೆದ ಬಟ್ಟೆ ಗಂಟೆಯೊಳಗೆ ಒಣಗತ್ತೆ. ಕರಾವಳಿಗೆ ಬಿಸಿ ಅಲೆ ಅನ್ನಲು ಇಲಾಖೆಯ ಮಾನದಂಡ ಗರಿಷ್ಠ 37 ಅಥವಾ ಮೇಲೆ, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚು. ಬಯಲುಸೀಮೆಗಾದರೆ 40. ಹಾಗಾಗಿ ಇಲ್ಲಿಯ ಎಚ್ಚರಿಕೆಯನ್ನು ಕಲಬುರಗಿಯದ್ದರ ಜೊತೆ ಹೋಲಿಸಬೇಡಿ.

ಹಾಗಂತ ಬಿಸಿ ಏರಿಕೆಗೂ ಇದಕ್ಕೂ ಸಂಬಂಧ ಇಲ್ಲ ಅಂತಲ್ಲ. ಅದೇ ಪೂರ್ವದ ಗಾಳಿ ಐವತ್ತು ವರ್ಷದ ಹಿಂದೆ ಬಂದಿದ್ದರೆ ಅರ್ಧ-ಮುಕ್ಕಾಲು ಡಿಗ್ರಿ ಕಡಿಮೆಯಲ್ಲಿ ಶುರುವಾಗುತ್ತಿತ್ತು. ವಾಡಿಕೆಗಿಂತ 5 ಡಿಗ್ರಿ ಹೆಚ್ಚಾದ ದಿನದಲ್ಲಿ ಹವೆಯದ್ದು ನಾಲ್ಕೂಕಾಲು, ಏರಿಕೆಯದ್ದು ಮುಕ್ಕಾಲು. ಜನ ಐದನ್ನೂ ಒಂದೇ ಖಾತೆಗೆ ಬರೀತಾರೆ.

ಇನ್ನು ಮೊಬೈಲ್ ಆ್ಯಪಿನ ಹಳೇ ದಾಖಲೆ ನಂಬಬೇಡಿ. ಅದು ಬಹುತೇಕ ಮಾದರಿಯಿಂದ ಬಂದದ್ದು, ಚೌಕ ಒಂದೊಂದೂ 25–30 ಕಿ.ಮೀ. ನಮ್ಮಲ್ಲಿ ಒಂದೇ ಚೌಕದೊಳಗೆ ಕಡಲು, ಗಜನಿ ಗದ್ದೆ (ಅಳಿವೆ ದಂಡೆಯ ಉಪ್ಪುನೀರಿನ ಗದ್ದೆ), ಘಟ್ಟ ಮೂರೂ ಬಂದುಬಿಡತ್ತೆ. ಇಲಾಖೆಯ ಪುಣೆ ಕಚೇರಿ ಉಚಿತವಾಗಿ ಕೊಡೋ ಚೌಕದ ದತ್ತಾಂಶದಲ್ಲಿ ಮಳೆ 1901ರಿಂದ ಕಾಲು ಡಿಗ್ರಿ (ಅಕ್ಷಾಂಶ-ರೇಖಾಂಶದ ಡಿಗ್ರಿ) ಚೌಕಕ್ಕೆ ಸಿಗತ್ತೆ, ಉಷ್ಣಾಂಶ 1951ರಿಂದ ಒಂದು ಡಿಗ್ರಿ ಚೌಕಕ್ಕೆ, ಅಂದರೆ ಸುಮಾರು 110 ಕಿ.ಮೀ. ಜಿಲ್ಲೆಯ ಮಟ್ಟಿಗೆ ಅದು ಸರಿ, ನಿಮ್ಮ ಮನೆಗೆ ಅಲ್ಲ. ಕಾರವಾರ, ಹೊನ್ನಾವರ, ಶಿರಾಲಿಯಲ್ಲಿ ಇಲಾಖೆಯ ಕೇಂದ್ರಗಳಿವೆ. ಉಷ್ಣಾಂಶದ ಪ್ರಶ್ನೆಗೆ ಅವುಗಳ ತಿಂಗಳ ಸರಾಸರಿ ನೋಡಿ, ಅದರಲ್ಲೂ ರಾತ್ರಿಯ ಕನಿಷ್ಠ. ರಾತ್ರಿ ಹಗಲಿಗಿಂತ ಬೇಗ ಬಿಸಿಯಾಗತ್ತೆ.


ಲೆಕ್ಕದಹಾಳೆ:

ಕೊನೇ ವಾಕ್ಯಕ್ಕೆ ಒಂದು ತಿದ್ದುಪಡಿ. ಜಗತ್ತಿನ ನೆಲಭಾಗದ ಸರಾಸರಿಗೆ ಅದು ಸರಿ. ಭಾರತದಲ್ಲಿ 1986–2015ರ ಏರಿಕೆ ಗರಿಷ್ಠಕ್ಕೆ ದಶಕಕ್ಕೆ 0.15, ಕನಿಷ್ಠಕ್ಕೆ 0.13, ಹೆಚ್ಚೂಕಡಿಮೆ ಒಂದೇ. ಅದೂ ಅಲ್ಲದೆ ರಾತ್ರಿಯ ಕನಿಷ್ಠಕ್ಕೆ ಊರು ಬೆಳೆದ ಪ್ರಭಾವ ಬೇಗ ತಟ್ಟತ್ತೆ. ಕೇಂದ್ರದ ಸುತ್ತ ಕಾಂಕ್ರೀಟು ಬಂದಿದ್ದರೆ ಮೊದಲು ಸುಳ್ಳು ಹೇಳೋದು ರಾತ್ರಿಯ ಅಂಕಿ. ಎರಡನ್ನೂ ನೋಡಿ, ಹೊನ್ನಾವರ, ಪಣಜಿ, ಮಂಗಳೂರಿನ ಜೊತೆ ತಾಳೆ ಹಾಕಿ. ತಿಂಗಳ ಸರಾಸರಿಯ ಹೆಚ್ಚುಕಡಿಮೆ ನೂರಾರು ಕಿ.ಮೀ.ವರೆಗೆ ಒಟ್ಟೊಟ್ಟಿಗೆ ಏರಿಳಿಯತ್ತೆ. ಕಾರವಾರ ಒಂದೇ ಏರಿ ಉಳಿದವು ಸುಮ್ಮನಿದ್ದರೆ ತಪ್ಪು ಕಾರವಾರದ ಕೇಂದ್ರದ್ದು.


ಬೆಟ್ಟದಂಚು:

ಎಲ್ಲ ಓದಿದೆ. ಅಂದರೆ ನಮ್ಮೂರಲ್ಲಿ ಏನು ಕಂಡರೂ ಅದಕ್ಕೆ ಲೆಕ್ಕ ಇಲ್ಲ ಅಂತಲೇ? ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸೀತು, ತಾರ್ಲೆ (ಬೂತಾಯಿ) ಮೀನು ಒಂದು ವರ್ಷ ಸಿಕ್ಕರೆ ಇನ್ನೊಂದು ವರ್ಷ ಇಲ್ಲ, ಗಜನಿಗೆ ಉಪ್ಪುನೀರು ನುಗ್ತಿದೆ, ಅಡಿಕೆಯ ಕೊಳೆರೋಗ ಔಷಧಿಗೂ ಬಗ್ಗಲ್ಲ. ಇದೆಲ್ಲ ಕಣ್ಣೆದುರಿಗೆ ಇದೆ. ನೀವು ವರ್ಗಮೂಲ ತೆಗೀತಾ ಕೂತಿದ್ದೀರಿ.


ಅಳತೆಗೋಲು (ಕುಮಟಾ):

ಕಂಡದ್ದು ಸುಳ್ಳಲ್ಲ. ಅದನ್ನು ಯಾರ ಲೆಕ್ಕಕ್ಕೆ ಬರೆಯೋದು ಅನ್ನೋದೇ ತಕರಾರು. ನೀವು ಹೇಳಿದ ಒಂದೊಂದಕ್ಕೂ ಎರಡು ಮೂರು ವಾರಸುದಾರರಿದ್ದಾರೆ.

ಕೊಳೆ ತೆಗೆದುಕೊಳ್ಳಿ. ಅದಕ್ಕೆ ಹೊಡೆಯೋ ಶೇ 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮಳೆ ಹಿಡಿಯೋ ಮೊದಲು ಒಂದು, 40–45 ದಿನಕ್ಕೆ ಇನ್ನೊಂದು. ಕೊನೆಗೌಡರು (ಮರ ಏರಿ ಔಷಧಿ ಹೊಡೆಯೋರು) ಸಿಗದೆ ಎರಡನೇ ಸಲ ಮೂರು ವಾರ ತಡವಾದರೆ ಕೊಳೆ ಬರೋದಕ್ಕೆ ಭೂಮಿ ಬಿಸಿಯಾಗಬೇಕಾಗಿಲ್ಲ. ಮೇ ಕೊನೆಗೇ ಮಳೆ ಹಿಡಿದ ವರ್ಷ ಮೊದಲನೇ ಔಷಧಿಯೇ ತಪ್ಪಿಹೋಗತ್ತೆ, ಅಲ್ಲಿ ಹವೆಯ ಪಾತ್ರ ಇದೆ. ಆದರೆ ಅದು ಆ ವರ್ಷದ ಹವೆ.

ಗಜನಿ. ಜಗತ್ತಿನ ಸಮುದ್ರಮಟ್ಟ 1901ರಿಂದ 2018ರ ನಡುವೆ ಸುಮಾರು 20 ಸೆಂ.ಮೀ. ಏರಿದೆ, 2006–2018ರಲ್ಲಿ ವರ್ಷಕ್ಕೆ 3.7 ಮಿ.ಮೀ. ದಿನಕ್ಕೆರಡು ಸಲ ಭರತ-ಇಳಿತದಲ್ಲಿ ನೀರು ಮೀಟರುಗಟ್ಟಲೆ ಏರಿಳಿಯೋ ಅಘನಾಶಿನಿಯ ದಂಡೆಯಲ್ಲಿ ನಿಂತು ಇದನ್ನು ಕಣ್ಣಲ್ಲಿ ಅಳೆಯೋದು ಆಗದ ಮಾತು. ಒಡ್ಡು ಒಡೆದದ್ದು, ಬಾಗಿಲು ದುರಸ್ತಿ ಆಗದ್ದು, ಸಿಗಡಿಗಾಗಿ ನೀರು ಒಳಗೇ ನಿಲ್ಲಿಸಿದ್ದು, ಇವು ಮೊದಲು ಉಪ್ಪು ತರೋವು. ಉಪ್ಪು ತಡೆಯೋ ಕಗ್ಗ ಭತ್ತ ಬಿತ್ತೋರು ಕಡಿಮೆಯಾದದ್ದಕ್ಕೆ ಕೂಲಿಯೂ ಕಾರಣ. ಶರಾವತಿ ಅಳಿವೆಯಲ್ಲಂತೂ ಆದದ್ದು ತಿರುವುಮುರುವು: ಗೇರುಸೊಪ್ಪೆಯ ವಿದ್ಯುತ್ ಕೇಂದ್ರದಿಂದ ವರ್ಷವಿಡೀ ಸಿಹಿನೀರು ಬಿಡೋದರಿಂದ ಉಪ್ಪು ಕಡಿಮೆಯಾಗಿದೆ. ಎರಡು ಅಳಿವೆಗೆ ಕಡಲು ಒಂದೇ, ಬದಲಾದ ರೀತಿ ಎರಡು. ಕಡಲಮಟ್ಟದ ಏರಿಕೆ ನಿಜ, ಆದರೆ ಅದನ್ನು ತೋರಿಸೋದು ಬಂದರಿನ ಭರತಮಾಪಕದ ದಶಕಗಳ ಅಂಕಿ, ಗದ್ದೆಯ ನೀರಲ್ಲ.

ತಾರ್ಲೆಯದ್ದು ಚುಟುಕಾಗಿ: ಈ ಮೀನು ನೂರು ವರ್ಷದಿಂದಲೂ ಹೀಗೇ, ಒಮ್ಮೆ ರಾಶಿ, ಒಮ್ಮೆ ನಾಪತ್ತೆ. ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗೋದು) ವರ್ಷ ಹಿಂದೆ ಸರಿಯತ್ತೆ. ಅರಬ್ಬಿ ಸಮುದ್ರ ಬಿಸಿಯಾಗ್ತಿರೋದು ಅಳತೆಗೆ ಸಿಕ್ಕಿದೆ, ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951–2015ರಲ್ಲಿ ಸುಮಾರು 1 ಡಿಗ್ರಿ ಏರಿದೆ. ಅದರ ಪುರಾವೆಗೆ ಮೀನಿನ ಬುಟ್ಟಿ ಬೇಡ.

ಶಿರೂರು. 2024ರ ಜುಲೈ 16ರಂದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿದ್ದು. ನಮ್ಮ ಗುಡ್ಡಗಳ ರಚನೆ ನೋಡಿ: ಮೇಲೆ ಗಟ್ಟಿ ಜಂಬಿಟ್ಟಿಗೆ, ಅದರ ಕೆಳಗೆ ಬಿಳಿ-ನಸುಗೆಂಪಿನ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಗೋಡೆಯಂತೆ ನಿಲ್ಲತ್ತೆ, ನೀರು ಕುಡಿದರೆ ಸೋಪಿನಂತೆ ಜಾರತ್ತೆ. ಇಂಥ ಗುಡ್ಡದ ಬುಡವನ್ನು ರಸ್ತೆಗೆ ಕಡಿದರೆ ಶೇಡಿ ಪದರ ಬಯಲಾಗತ್ತೆ, ಮೇಲಿನ ಭಾರ ಹೊರೋಕೆ ಬುಡ ಇರಲ್ಲ. ಮಳೆ ಟ್ರಿಗರ್ ಎಳೆಯತ್ತೆ, ಗುಂಡು ತುಂಬಿದ್ದು ಜೆಸಿಬಿ. 2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದದ್ದು ನೆನಪಿರಬಹುದು. ಲೆಕ್ಕದಹಾಳೆಯವರು ಮೇಲೆ ಹೇಳಿದ ಅದೇ ಬರಗಾಲದ ವರ್ಷ ಅದು. ದೇಶಕ್ಕೆಲ್ಲ ಬರ, ನಮಗೆ ಗುಡ್ಡ ಕುಸಿಯೋ ಮಳೆ. ಒಂದೂರಿನ ಹವೆ ದೇಶದ ಹವೆಗೇ ಸಾಕ್ಷಿ ಆಗಲ್ಲ, ಇನ್ನು ಭೂಮಂಡಲಕ್ಕೆ ಎಲ್ಲಿಂದ.

ಇಂಥ ಮಳೆಯಲ್ಲಿ ಬಿಸಿಯ ಪಾಲು ಎಷ್ಟು ಅಂತ ಕೇಳೋ ವಿಧಾನ ಇದೆ. ಈಗಿನ ಭೂಮಿ ಒಂದು, ಬಿಸಿಯಾಗದಿದ್ದ ಕಾಲ್ಪನಿಕ ಭೂಮಿ ಇನ್ನೊಂದು, ಎರಡರಲ್ಲೂ ಅಂಥ ಮಳೆ ಎಷ್ಟು ವರ್ಷಕ್ಕೊಮ್ಮೆ, ಎಷ್ಟು ಜೋರು ಅಂತ ಮಾದರಿಗಳಲ್ಲಿ ಹೋಲಿಸೋದು. 2024ರ ವಯನಾಡಿನ ಮಳೆಗೆ ಹೀಗೆ ಲೆಕ್ಕ ಹಾಕಿದಾಗ ಬಿಸಿಯಿಂದ ಸುಮಾರು ಶೇ 10 ಹೆಚ್ಚಾಗಿದೆ ಅಂತ ಬಂತು. "ಇದರಿಂದಲೇ ಆಯಿತು" ಅಂತಲೂ ಅಲ್ಲ, "ಸಂಬಂಧವೇ ಇಲ್ಲ" ಅಂತಲೂ ಅಲ್ಲ. ನೂರರ ಜಾಗದಲ್ಲಿ ನೂರಹತ್ತು. ಕಡಿದ ಗುಡ್ಡಕ್ಕೆ ಆ ಹತ್ತು ಕೆಲವೊಮ್ಮೆ ಸಾಕು.

ಇನ್ನೊಂದು ಮಾತು. ಈ ಜಗಳದಲ್ಲಿ ಅರ್ಧ ನಮ್ಮ ಪದದ್ದೇ. ಪತ್ರಿಕೆಯಲ್ಲಿ "ಇಂದಿನ ಹವಾಮಾನ" ಅಂತಲೂ ಬರೀತಾರೆ, "ಹವಾಮಾನ ಬದಲಾವಣೆ" ಅಂತಲೂ ಬರೀತಾರೆ. ಇವತ್ತಿನ ಮೋಡಕ್ಕೂ 30 ವರ್ಷದ ಸರಾಸರಿಗೂ ಒಂದೇ ಹೆಸರು ಇಟ್ಟರೆ ಕೇಳೋರು ಗೊಂದಲಗೊಳ್ಳದೆ ಇನ್ನೇನು ಮಾಡ್ತಾರೆ. ಶಾಲೆ ಪುಸ್ತಕದ "ವಾಯುಗುಣ" ಒಳ್ಳೇ ಪದ, ಅಲ್ಲೇ ಬಿಟ್ಟುಬಂದೆವು.


ಲೆಕ್ಕದಹಾಳೆ:

ಕಾರಣದ ಬಗ್ಗೆ ಒಂದು ಸಾಲು. ಬಿಸಿ ಏರಿದೆ ಅಂತ ಕಾರವಾರದ ಥರ್ಮಾಮೀಟರ್ ಹೇಳಬಹುದು, ಯಾಕೆ ಏರಿತು ಅಂತ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಬೇರೆ ಗುರುತು ಬೇಕು. ಸೂರ್ಯನೇ ಕಾರಣವಾಗಿದ್ದರೆ ವಾತಾವರಣ ಮೇಲಿಂದ ಕೆಳಗಿನವರೆಗೂ ಬಿಸಿಯಾಗಬೇಕಿತ್ತು. ಅಳತೆಯಲ್ಲಿ ಕಾಣೋದು ಕೆಳಗಿನ ಪದರ ಬಿಸಿ, ವಾಯುಮಂಡಲದ ಮೇಲಿನ ಸ್ತರ ತಂಪು. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಹೀಗೇ ಆಗಬೇಕು. ಅದು ಕೈಗಾರಿಕೆಗಳಿಗೆ ಮುಂಚೆ 280 ಪಿಪಿಎಂ (ಹತ್ತು ಲಕ್ಷದಲ್ಲಿ 280 ಪಾಲು) ಇತ್ತು, ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಶುರುವಾದ 1958ರಲ್ಲಿ 315, ಈಗ 420 ದಾಟಿದೆ.


ಕಾನಮನೆ (ಶಿರಸಿ):

ಎಲ್ಲರಿಗೂ ಧನ್ಯವಾದ. ಹೇಳಿದ ಕ್ರಮದಲ್ಲೇ ಹೋದಾಗ ಸಿಕ್ಕಿದ್ದು ಇದು. ತೊಳೆಯದ ವಹಿಗೆ ಸ್ಲೋಪ್ (ವರ್ಷಕ್ಕೆ ಎಷ್ಟು ಏರಿತು-ಇಳಿಯಿತು ಅನ್ನೋ ಲೆಕ್ಕ) ಹಾಕಿದರೆ ಮಳೆ ಜೋರಾಗಿ ಏರಿದೆ, 500ರ ಗೆರೆ ದಾಟಿ ಎಲ್ಲೋ ಹೋಗಿದೆ. ಕೂಡಿಸುತ್ತಾ ಹೋದ ಮೊತ್ತದ ಚಿತ್ರ ಬಿಡಿಸಿದರೆ 2004ರಲ್ಲಿ ಗೆರೆ ಸ್ಪಷ್ಟವಾಗಿ ಮುರಿದು ಕಡಿದಾಗಿದೆ. ಅಟ್ಟದ ಮೇಲೆ ಹಳೇ ಇಂಚಿನ ಗ್ಲಾಸು ಒಡೆದದ್ದು ಸಿಕ್ಕಿತು. ಆಲಿಕೆ ಮಾತ್ರ ಇಂದಿಗೂ ಅದೇ ತಾಮ್ರದ್ದು, ಒಳ ವ್ಯಾಸ 12.7 ಸೆಂ.ಮೀ. ಈಗ ಬಳಸುತ್ತಿರೋ ಗ್ಲಾಸಿಗೆ 10 ಮಿ.ಲೀ. ಹಾಕಿದರೆ 1 ಮಿ.ಮೀ. ತೋರಿಸತ್ತೆ.

2004ರ ನಂತರದ್ದೆಲ್ಲ ಎಸೆದುಬಿಡಬೇಕಾ, ತಿದ್ದಬಹುದಾ?


ಅಳತೆಗೋಲು (ಕುಮಟಾ):

ಎಸೆಯೋದು ಯಾಕೆ, ಕಾರಣ ಗೊತ್ತಾದ ತಪ್ಪು ಅರ್ಧ ಸರಿಯಾದ ಹಾಗೆ. 2004ರಿಂದ ಈಚಿನ ಪ್ರತಿ ದಿನದ ಅಂಕಿಯನ್ನು 1.267ರಿಂದ (ಆಲಿಕೆಯ 126.7 ÷ ಗ್ಲಾಸಿನ 100) ಭಾಗಿಸಿ. ಮೂಲ ಅಂಕಿ ಅಳಿಸಬೇಡಿ, ತಿದ್ದಿದ್ದು ಪಕ್ಕದ ಕಾಲಮ್ಮಿನಲ್ಲಿ ಇರಲಿ, ತಲೆಬರಹದಲ್ಲಿ ಕಾರಣ ಬರೀರಿ. ಗ್ಲಾಸು ಬದಲಾದದ್ದು ಯಾವ ತಿಂಗಳು ಅಂತ ಹುಡುಕಿ. ಇಂಚಿನಿಂದ ಮಿ.ಮೀ.ಗೆ ಬರವಣಿಗೆ ತಿರುಗಿದ ಸಾಲೇ ಇರಬೇಕು, ಆದರೂ ಆ ವರ್ಷದ ಜೂನ್, ಜುಲೈಯನ್ನು ಶಿರಸಿಯ ಮಾಪಕದ ಜೊತೆ ತಿಂಗಳುವಾರು ನೋಡಿ ಖಾತ್ರಿ ಮಾಡಿಕೊಳ್ಳಿ.

ಭಾರಿ ಮಳೆ ದಿನಗಳನ್ನು ತಿದ್ದಿದ ಮೇಲೆಯೇ ಎಣಿಸಿ. ವಹಿಯಲ್ಲಿ 80 ಇದ್ದದ್ದು ಈಗ 63 ಆಗತ್ತೆ, "ಭಾರಿ ಮಳೆ" ಅನ್ನಲು ಇಲಾಖೆ ಹಾಕಿದ 64.5 ಮಿ.ಮೀ. ಗೆರೆಗಿಂತ ಕೆಳಗೆ. 140 ಇದ್ದದ್ದು 110.5, ಅದರ ಮುಂದಿನ ಮೆಟ್ಟಿಲಾದ 115.6ರ ಗೆರೆಗಿಂತ ಕೆಳಗೆ. "2004ರಿಂದ ಭಾರಿ ಮಳೆ ದಿನ ಹೆಚ್ಚಾಯಿತು" ಅಂತ ಯಾರಾದರೂ ಈ ವಹಿ ನೋಡಿ ಈಗಾಗಲೇ ಹೇಳಿದ್ದರೆ ಅದನ್ನೂ ವಾಪಸ್ ತೆಗೆದುಕೊಳ್ಳಬೇಕಾಗತ್ತೆ.

ತಿದ್ದಿದ ಮೇಲೆ ಮತ್ತೆ ಕೂಡಿಸಿದ ಚಿತ್ರ ಬಿಡಿಸಿ. ಗೆರೆ ನೇರ ಬಂದರೆ ಮುಗೀತು. ಈಚಿನ ವರ್ಷಗಳಲ್ಲಿ ನಿಧಾನಕ್ಕೆ ಕೆಳಗೆ ಬಾಗಿದರೆ ಅದು ಅಡಿಕೆ ಮರದ ನೆರಳು, ಅದಕ್ಕೆ ಒಂದು ಭಾಗಾಕಾರದಲ್ಲಿ ತಿದ್ದುಪಡಿ ಇಲ್ಲ. ಹೊಸ ಮಾಪಕವೊಂದನ್ನು ಬಯಲಿನಲ್ಲಿಟ್ಟು ಎರಡು ಮಳೆಗಾಲ ಹಳೇದರ ಜೊತೆಜೊತೆಗೇ ಓದಿ, ಆಮೇಲೆ ಹಳೇದನ್ನು ಬಿಡಿ.

ಥರ್ಮಾಮೀಟರ್ ಇಡೋ ಆಸೆ ಇದ್ದರೆ ಗೋಡೆಗೆ, ತಗಡಿನ ಮಾಡಿಗೆ, ತೋಟದೊಳಗಿನ ನೆರಳಿಗೆ ಮೂರಕ್ಕೂ ಬೇಡ. ಹುಲ್ಲು ನೆಲದ ಮೇಲೆ, ಒಂದೂಕಾಲು ಮೀಟರ್ ಎತ್ತರದಲ್ಲಿ, ಬಿಳಿ ಬಣ್ಣ ಬಳಿದ ಜಾಲರಿ ಹಲಗೆಯ ಪೆಟ್ಟಿಗೆ, ಬಾಗಿಲು ಉತ್ತರಕ್ಕೆ. ಬಾಗಿಲು ದಕ್ಷಿಣಕ್ಕಿದ್ದರೆ ಡಿಸೆಂಬರಿನಲ್ಲಿ ತೆಗೆದ ಕೂಡಲೇ ಬಿಸಿಲು ನೇರ ಬಲ್ಬಿಗೇ ಬೀಳತ್ತೆ.